ನೂರಾ ನಲವತ್ತೊಂದು ಕೆ.ಜಿ. ಪ್ರದಕ್ಷಿಣೆ

ಅರಸೀಕೆರೆಯ ಡಾಕ್ಟರ್ ಭಾಗ್ಯ ಅವರ ಮಹಡಿ ಮೇಲಿನ ಕ್ಲಿನಿಕ್ಕಿನಲ್ಲಿ ವಿಜಯಸಾರಥಿಗಳು ತೂಕದ ಯಂತ್ರದ ಮೇಲೆ ನಿಂತೊಡನೆ ಅದು ಎರಡು ಸಲ ಕಣ್ಣು ಮಿಟುಕಿಸಿ ಆರಿಹೋಯಿತು. ನರ್ಸು ಸೌಂದರ್ಯ ಬ್ಯಾಟರಿ ಬದಲಿಸಿದಳು. ಮತ್ತೆ ಆರಿತು. ಕಾದು ಕೂತಿದ್ದ ರೋಗಿಗಳು ತಮ್ಮ ತಮ್ಮ ಕಾಯಿಲೆ ಮರೆತು ಇಣುಕಿದರು. ಕೊನೆಗೆ ಎದುರಿನ ತೆಂಗಿನಕಾಯಿ ಮಂಡಿಗೆ ಕರೆದೊಯ್ದು, ಚೀಲ ತೂಗುವ ಯಂತ್ರದ ಮೇಲೆ ನಿಲ್ಲಿಸಬೇಕಾಯಿತು. ಮಂಡಿ ನೋವೆಂದು ಬಂದವರು ಮಂಡಿಗೇ ಹೋದದ್ದು ಹೀಗೆ.

"ನೂರಾ ನಲವತ್ತೊಂದು," ಎಂದ ಹಮಾಲಿ ಹುಚ್ಚಣ್ಣ. "ಇಷ್ಟೂ ಕೊಬ್ರಿ ಆಗಿದ್ರೆ ಒಳ್ಳೆ ರೇಟ್ ಐತೆ, ಸ್ವಾಮೇರಾ."

ಕೊಬ್ಬರಿಗಿದ್ದ ಬೆಲೆ ಕೊಬ್ಬಿಗಿರಲಿಲ್ಲ.

ಹಳೇಬೀಡಿನಾಚೆಯ ಹಳ್ಳಿಯೊಂದರ ವೇಣುಗೋಪಾಲನ ಪೂಜೆ ವಿಜಯಸಾರಥಿಗಳ ಮನೆತನದ್ದು. ಬೊಜ್ಜೂ ಮನೆತನದ್ದೇ. ಗೋಡೆಯ ಮೇಲಿನ ಫೋಟೋದಲ್ಲಿ ಅಜ್ಜ, ಅಪ್ಪ ಇಬ್ಬರೂ ಚೌಕಟ್ಟನ್ನು ಒತ್ತಿಕೊಂಡೇ ಕೂತಿದ್ದಾರೆ. ಮದುವೆಯ ದಿನವೂ ಬೆಳಗಿನ ಪೂಜೆ ತಪ್ಪಿಸದ ವಿಜಯಸಾರಥಿಗಳಿಗೆ ಐವತ್ತೆರಡರಲ್ಲಿ ಮೊಣಕಾಲು ಕೈಕೊಟ್ಟಿತು. ಗರ್ಭಗುಡಿಯ ಎತ್ತರದ ಹೊಸ್ತಿಲು ದಾಟಲು ಬಾಗಿಲು ಹಿಡಿದು ನಿಲ್ಲಬೇಕು, ಉಸಿರು ಕೂಡಿಸಿಕೊಳ್ಳಬೇಕು, ಆಮೇಲೆ ದೇವರೇ ಗತಿ. ಆಪರೇಷನ್ ಆಗದಿದ್ದರೆ ಪೂಜೆ ಕೈತಪ್ಪುತ್ತದೆ. ಆಪರೇಷನ್ ಆಗಲು ಇಪ್ಪತ್ತು ಕೆ.ಜಿ. ಇಳಿಯಬೇಕು.

"ದಿನಾ ನಲವತ್ತು ನಿಮಿಷ ನಡೀರಿ," ಎಂದರು ಡಾಕ್ಟರು.

ಮೂರು ತಿಂಗಳು ಅವರು ಒಂದು ದಿನವೂ ಬಿಡದೆ ಗುಡಿಯ ಸುತ್ತ ನಡೆದರು. ಹೆಂಡತಿ ಕೋಮಲವಲ್ಲಿ ಪೊಂಗಲ್ಲಿಗೆ ತುಪ್ಪ ನಿಲ್ಲಿಸಿದರು, ದೇವರದ್ದಕ್ಕಲ್ಲ, ಇವರದ್ದಕ್ಕೆ. ಮತ್ತೆ ಮಂಡಿಗೆ ಹೋಗಿ ತೂಗಿದರೆ ನೂರಾ ನಲವತ್ತು.

"ಕ್ಷೌರ ಮಾಡಿಸ್ಕಂಡ್ರಾ ಸ್ವಾಮೇರಾ?" ಎಂದ ಹುಚ್ಚಣ್ಣ.

ಡಾಕ್ಟರಿಗೆ ನಂಬಿಕೆಯಾಗಲಿಲ್ಲ. "ನಿಜವಾಗ್ಲೂ ನಡೆದ್ರಾ? ಹೇಗ್ ನಡೀತೀರಿ, ತೋರ್ಸಿ."

ವಿಜಯಸಾರಥಿಗಳು ಕೈಮುಗಿದು, ಹೆಜ್ಜೆಗೆ ಹೆಜ್ಜೆ ತಾಗಿಸಿ, ಬಾಗಿಲಿನಿಂದ ಮೇಜಿನವರೆಗೆ ಬಂದರು. ಅಷ್ಟರಲ್ಲಿ ಡಾಕ್ಟರು ಎರಡು ಫೋನ್ ಮುಗಿಸಿದ್ದರು.

"ಇದೇನ್ರೀ ಇದು?"

"ಪ್ರದಕ್ಷಿಣೆ. ತುಂಬು ಬಸುರಿ ಎಣ್ಣೆ ಕೊಡ ಹೊತ್ತು ನಡೆದ ಹಾಗೆ ನಡೀಬೇಕು, ಮೇಡಂ. ದೇವರ ಸುತ್ತ ಬಿರುಸಾಗಿ ನಡೆದ್ರೆ ಅಪಚಾರ."

ಡಾಕ್ಟರು ಹಣೆ ಹಿಡಿದುಕೊಂಡರು. "ನಿಮ್ಮ ಮೈ ಹುಟ್ಟಿನಿಂದ್ಲೇ ಹಟಮಾರಿ. ವಂಶವಾಹಿ ಪರೀಕ್ಷೇಲೂ ಅದೇ ಬಂದಿದೆ, ನಿಮ್ಮ ತಪ್ಪಲ್ಲ. ಆದ್ರೆ ಇಂಥ ನಡಿಗೆಗೆ ಅದು ಕ್ಯಾರೇ ಅನ್ನಲ್ಲ. ಏದುಸಿರು ಬರಬೇಕು."

"ಹೋದ ವಾರ ಬಸ್ ಹಿಡಿಯೋಕೆ ಕೆರೆ ಏರಿ ಮೇಲೆ ಬಿರುಸಾಗಿ ನಡೆದೆ. ಇನ್ನೂರು ಹೆಜ್ಜೆಗೆ ಮಂಡಿ ಮಡಚ್ಕೊಳ್ತು. ಯಾರೋ ಟೂರಿಸ್ಟು ಆಂಬುಲೆನ್ಸಿಗೆ ಫೋನ್ ಮಾಡಿಬಿಟ್ರು."

"ಮಂಡಿ ಸರಿಯಾಗ್ಬೇಕಾದ್ರೆ ತೂಕ ಇಳೀಬೇಕು."

"ತೂಕ ಇಳೀಬೇಕಾದ್ರೆ ಏದುಸಿರು ಬರಬೇಕು."

"ಹೌದು."

"ಏದುಸಿರು ಬರೋಷ್ಟು ನಡೆಯೋಕೆ ಮಂಡಿ ಬೇಕು."

ಡಾಕ್ಟರು ಪೆನ್ನಿನ ಮುಚ್ಚಳ ಹಾಕಿದರು. ಬರೆಯುವಂಥದ್ದೇನೂ ಉಳಿದಿರಲಿಲ್ಲ. ವಿಜಯಸಾರಥಿಗಳು ಶಲ್ಯದಿಂದ ಮುಖ ಒರೆಸಿಕೊಂಡರು. ಕಣ್ಣನ್ನು ಎರಡು ಸಲ ಒರೆಸಿಕೊಂಡರು.

ಡಾಕ್ಟರ ದನಿ ಮೆತ್ತಗಾಯಿತು. "ನಿಮ್ಮಿಂದ ಆಗ್ದೇ ಹೋದ್ರೆ ಪೂಜೆ ಯಾರಿಗೆ ಹೋಗುತ್ತೆ?"

"ನನ್ನ ತಮ್ಮ ಶ್ರೀರಾಮನಿಗೆ."

"ಸದ್ಯ, ಮನೇಲೇ ಉಳಿಯುತ್ತಲ್ಲ. ಅವರನ್ನೂ ಒಂದ್ಸಲ ನೋಡ್ಬಿಡೋಣ. ಯಾವಾಗ ಕರ್ಕೊಂಡು ಬರ್ತೀರಿ?"

"ಬಂದಿದಾನೆ," ಎಂದರು ವಿಜಯಸಾರಥಿಗಳು. "ನಿಮ್ಮ ಮಹಡಿ ಹತ್ತೋಕಾಗ್ದೆ ಕೆಳಗೆ ಆಟೋದಲ್ಲೇ ಕೂತಿದಾನೆ."