ಕೆಳಗಿನ ಅಂಕಿ ಎರಡು ಸಲ

ಲೆಕ್ಕ ಬಾರದವರಿಗಿಂತ ಅರ್ಧ ಲೆಕ್ಕ ಬಂದವರ ಕಾಟವೇ ಹೆಚ್ಚು. ಇಪ್ಪತ್ತು ವರ್ಷ ನರ್ಸು ಕೆಲಸ ಮಾಡಿದ ನಾನು ಇದನ್ನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ತೊಣ್ಣೂರಿನ ಚೌಡಯ್ಯ ಅಂಥವನು. ಸಕ್ಕರೆ ಕಾರ್ಖಾನೆಯೊಂದರಲ್ಲಿ ಬಾಯ್ಲರ್ ಕಾಯುತ್ತಿದ್ದ. ಪಾಳಿ ಮುಗಿದಾಗ ಉಗಿಯ ಒತ್ತಡ ಎಲ್ಲಿಯವರೆಗೆ ಏರಿತ್ತು, ಎಲ್ಲಿಗೆ ಇಳಿದಿತ್ತು ಎಂದು ನೋಡಿ, ಎರಡನ್ನೂ ಕೂಡಿ ಅರ್ಧ ಮಾಡಿ ಸರಾಸರಿ ಎಂದು ಬರೆದಿಡುವುದು ಅವನ ರೂಢಿ. ಹದಿನೆಂಟು ವರ್ಷ ಹಾಗೇ ಬರೆದಿದ್ದ, ಯಾರೂ ತಪ್ಪು ಅಂದಿರಲಿಲ್ಲ.

ತೊಂಬತ್ನಾಲ್ಕರಲ್ಲಿ ಅವನ ಹೆಂಡತಿ ದ್ಯಾವಮ್ಮ ಪಾಂಡವಪುರದ ನಮ್ಮ ನರ್ಸಿಂಗ್ ಹೋಮಿಗೆ ಸೇರಿದಳು. ಎರಡು ವರ್ಷದಿಂದ ಅವಳಿಗೆ ರಕ್ತ ಹೋಗುವುದು ನಿಂತಿರಲಿಲ್ಲ. ಗರ್ಭಕೋಶ ತೆಗೆಯಲೇಬೇಕಿತ್ತು, ಆದರೆ ಬಿಪಿ ಜಾಸ್ತಿ. ಮೈಸೂರಿನಿಂದ ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದ ಡಾಕ್ಟರ್ ಶ್ರೀಕರ, "ಇವರ ಬಿಪಿ ಸರಾಸರಿ ನೂರೈದರೊಳಗೆ ಬಂದರೆ ಮಾತ್ರ ಆಪರೇಷನ್" ಎಂದು ಮಾತ್ರೆ ಬರೆದುಕೊಟ್ಟಿದ್ದರು. ಚೌಡಯ್ಯ ಅದನ್ನು ಕೇಳಿಸಿಕೊಂಡಿದ್ದ.

ಡಾಕ್ಟರು ಬರುವ ಗುರುವಾರ ಬೆಳಿಗ್ಗೆ ನಾನೇ ಬಿಪಿ ನೋಡಿದೆ. ಮೇಲಿನದು ನೂರ ನಲವತ್ನಾಲ್ಕು, ಕೆಳಗಿನದು ಎಂಬತ್ನಾಲ್ಕು. ಚೌಡಯ್ಯನ ಎದುರಿಗೇ ಗಟ್ಟಿಯಾಗಿ ಓದಿ ಬರೆದಿಟ್ಟು ಖುಷಿಯಿಂದ ಆಪರೇಷನ್ ಕೋಣೆ ಸಿದ್ಧಮಾಡಲು ಹೋದೆ. ವಾಪಸ್ಸು ಬಂದರೆ ಹಾಸಿಗೆ ಖಾಲಿ. ಸೆರಗು ಸೊಂಟಕ್ಕೆ ಸಿಕ್ಕಿಸಿ ಬಸ್ ನಿಲ್ದಾಣಕ್ಕೆ ಓಡಿದೆ. ತೊಣ್ಣೂರಿನ ಬಸ್ಸಿಗೆ ಕಾಯುತ್ತಾ ಇಬ್ಬರೂ ಕಲ್ಲುಬೆಂಚಿನ ಮೇಲೆ ಕೂತಿದ್ದರು. ಅವನು ಅವಳಿಗೆಂದು ಬಾಳೆಹಣ್ಣು ಸುಲಿಯುತ್ತಿದ್ದ.

ಹಣ್ಣು ಕಿತ್ತುಕೊಂಡೆ. "ಏನಯ್ಯಾ, ತಲೆ ನೆಟ್ಟಗಿದ್ಯಾ ನಿಂಗೆ? ಆಪರೇಷನ್ನಿಗೆ ಖಾಲಿ ಹೊಟ್ಟೇಲಿರಬೇಕು ಅಂದಿರಲಿಲ್ವಾ?"

"ನೂರಾ ಅದಿನಾಕು ಬಂತು ಸಿಸ್ಟರಮ್ಮ. ಡಾಕ್ಟ್ರು ಒಪ್ಪಕಿಲ್ಲ. ಸುಮ್ಕೆ ಯಾಕೆ ಉಪಾಸ ಕೆಡವೋದು ಅಂತ ಕರ್ಕೊಂಡ್ ಬಂದ್ಬುಟ್ಟೆ."

ನೂರ ಹದಿನಾಲ್ಕು ಎಲ್ಲಿಂದ ಬಂತೆಂದು ಆಗ ಹೊಳೆಯಿತು. ಕೂಡಿ ಅರ್ಧ ಮಾಡಿದ್ದಾನೆ, ಪುಣ್ಯಾತ್ಮ.

"ನಿನ್ನ ಬಾಯ್ಲರ್ ಮುಳ್ಳು ಗಂಟೇಲಿ ಇಪ್ಪತ್ತು ನಿಮಿಷ ಮೇಲಿದ್ದು, ನಲವತ್ತು ನಿಮಿಷ ಕೆಳಗಿದ್ರೆ ಸರಾಸರಿ ಸರಿಯಾಗಿ ನಡುವೆ ನಿಲ್ಲುತ್ತಾ?"

ತೋರುಬೆರಳನ್ನು ಮುಳ್ಳಿನಂತೆ ಮೇಲೆ ಕೆಳಗೆ ಆಡಿಸಿ ನೋಡಿದ. "ಇಲ್ಲ. ಕೆಳೀಕ್ ಸರೀತದೆ."

"ಹೃದಯಾನೂ ಹಾಗೇ ಕಣಯ್ಯ. ಒತ್ತೋದು ಒಂದು ಪಾಲು ಹೊತ್ತು, ಸುಧಾರಿಸ್ಕೊಳ್ಳೋದು ಎರಡು ಪಾಲು. ಅದಕ್ಕೇ ಕೆಳಗಿನ ಅಂಕಿ ಎರಡು ಸಲ, ಮೇಲಿನದು ಒಂದು ಸಲ ಕೂಡಿ ಮೂರರಿಂದ ಭಾಗಿಸಬೇಕು."

ಬೆರಳು ಮಡಚುತ್ತಾ ಕೂಡಿದ. ಎಂಬತ್ನಾಲ್ಕು ಎರಡು ಸಲಕ್ಕೆ ನೂರ ಅರವತ್ತೆಂಟು, ಮೇಲಿನದೂ ಸೇರಿ ಮುನ್ನೂರ ಹನ್ನೆರಡು. "ನೂರಾ ನಾಕು" ಎಂದ. ಇನ್ನೊಮ್ಮೆ ಕೂಡಿದ. "ನೂರಾ ನಾಕೇ ಕಣವ್ವ."

ಕೋಪ ಇಳಿದ ಮೇಲೆ ನನಗೇ ನಾಚಿಕೆಯಾಯಿತು. ಬೆಳಿಗ್ಗೆ ಒಂದು ಮಾತು ಬಿಡಿಸಿ ಹೇಳಿದ್ದರೆ ಆ ಹೆಂಗಸನ್ನು ಇಷ್ಟು ದೂರ ನಡೆಸಬೇಕಿತ್ತೇ? ಹಣ್ಣು ಹೊಟ್ಟೆಗೆ ಹೋಗಿದ್ದರೆ, ಬಸ್ಸು ಬಂದಿದ್ದರೆ, ಕೈಗೆ ಬಂದ ತುತ್ತು ಬಾಯಿಗೆ ಬರುತ್ತಿರಲಿಲ್ಲ. ಆಟೋ ಹಿಡಿದು ಕರೆತಂದೆ. ಡಾಕ್ಟರು ಬಂದು ಇನ್ನೊಮ್ಮೆ ಬಿಪಿ ನೋಡಿ ಆಪರೇಷನ್ ಮಾಡಿದರು. ಎಲ್ಲ ಸಲೀಸಾಗಿ ಮುಗಿಯಿತು. ನನ್ನ ಜೀವಕ್ಕೂ ಸಮಾಧಾನವಾಯಿತು.

ಸಂಜೆ ದ್ಯಾವಮ್ಮನಿಗೆ ಚೆನ್ನಾಗಿ ಎಚ್ಚರವಾಯಿತು. "ಇನ್ ಮುಂದೆ ರಕ್ತ ಓಗಾಕಿಲ್ವಾ ಸಿಸ್ಟರಮ್ಮ?"

"ಇಲ್ಲಮ್ಮ, ಮುಗೀತು."

ಅವಳು ಗಂಡನ ಕಡೆ ತಿರುಗಿದಳು. "ಅಂಗಾದ್ರೆ ನಾನೂ ಮಂಚದ್ ಮ್ಯಾಲೆ ಮಲಗಬೌದು."

ಹಾಸಿಗೆ ಕೆಡುತ್ತದೆಂದು ಎರಡು ವರ್ಷದಿಂದ ಅವಳು ನೆಲದ ಮೇಲೆ ಗೋಣಿಚೀಲ ಹಾಸಿಕೊಂಡು ಮಲಗುತ್ತಿದ್ದಳಂತೆ. ಚೌಡಯ್ಯ ತಲೆ ತಗ್ಗಿಸಿದ. "ಮಂಚ ನಿಂಗೇ ಇರ್ಲಿ ಕಣಮ್ಮಿ. ನಾ ಕೆಳಗ್ ಮಲೀಕತೀನಿ."

"ಇಬ್ರಿಗೂ ಜಾಗ ಆಯ್ತದೆ ಬುಡು" ಎಂದಳು ದ್ಯಾವಮ್ಮ.