ಸಪ್ಪಳ ಸೋಸಿದ ತೊಟ್ಟಿಲ ಡಿವಿಡಿ

ಇದ್ದದ್ದನ್ನು ಇದ್ದ ಹಾಗೆ ಬಿಡುವುದು ನನ್ನಿಂದ ಆಗುವುದಿಲ್ಲ. ಮನೆಯಲ್ಲಿ ಯಾವುದಾದರೂ ವಸ್ತು ಸರಿಯಾಗಿ ನಡೆಯುತ್ತಿದ್ದರೆ ನನ್ನ ಕೈ ಕಡಿಯತೊಡಗುತ್ತದೆ. ಹೀಗೆ ಸುಧಾರಿಸಲು ಹೋಗಿ ಒಂದು ಇಸ್ತ್ರಿಪೆಟ್ಟಿಗೆ, ಎರಡು ಗೋಡೆ ಗಡಿಯಾರ ಈಗಾಗಲೇ ಅಟ್ಟ ಸೇರಿವೆ. ಒಂಬತ್ತನೆಯ ತರಗತಿಗೆ ಶಬ್ದದ ಪಾಠ ಮಾಡುವ ವಿಜ್ಞಾನದ ಮಾಸ್ತರ ಎಂಬ ಹಮ್ಮು ಬೇರೆ. ನಾನು ಸ್ಕ್ರೂಡ್ರೈವರ್ ಹಿಡಿದು ಎದ್ದೆನೆಂದರೆ ನನ್ನ ಹೆಂಡತಿ ಶೈಲಾ ಹೆಚ್ಚೇನೂ ಅನ್ನುವುದಿಲ್ಲ. "ಅದೊಂದರ ಉಳೀಲಿ ಬಿಡ್ರಿ" ಎನ್ನುತ್ತಾಳೆ, ಅಷ್ಟೆ.

ಆದರೆ ಡಿವಿಡಿಯ ಕೆಲಸಕ್ಕೆ ಕೈ ಹಾಕಿದ್ದು ಕಡಿತಕ್ಕಲ್ಲ, ಅಪ್ಪನಿಗಾಗಿ. ಅಪ್ಪ ಬನಹಟ್ಟಿಯ ಮನೆಯಲ್ಲಿ ಆಯುಷ್ಯವಿಡೀ ನಾಲ್ಕು ಪಾವರ್‌ಲೂಮ್ ನಡೆಸಿದವನು. ಮಗ್ಗ ನಡೆಯುವ ಮನೆಯಲ್ಲಿ ಮಾತು ಎಂದರೆ ಕೂಗು. ಒಂದು ತಂಬಿಗೆ ನೀರು ಕೇಳುವುದನ್ನೂ ನಾವು ಊರಿಗೆ ಡಂಗುರ ಸಾರಿದ ಹಾಗೆ ಕೇಳುತ್ತಿದ್ದೆವು. ಅಪ್ಪನ ಮೊಣಕಾಲು ಕೈಕೊಟ್ಟ ಮೇಲೆ ಮಗ್ಗಗಳನ್ನು ಮಾರಿ, ಅವನನ್ನೂ ಅವ್ವನನ್ನೂ ಜಮಖಂಡಿಯ ನಮ್ಮ ಕಾಲೊನಿಗೆ ಕರೆತಂದೆ. ಬಂದ ವಾರದಲ್ಲೇ ಅಪ್ಪ ಹಿತ್ತಲಲ್ಲಿದ್ದ ಅವ್ವನಿಗೆ "ಬೆಲ್ಲದ ಡಬ್ಬಿ ಎಲ್ಲಿಟ್ಟೀ?" ಎಂದು ಕೇಳಿದ. ಪಕ್ಕದ ಮನೆಯ ಹಿರಿಯರು ಅಂಗಿಯ ಗುಂಡಿ ಹಾಕಿಕೊಳ್ಳುತ್ತಲೇ ಓಡಿ ಬಂದು, "ವಯಸ್ಸಾದವ್ರು ಅದೀರಿ, ಸಮಾಧಾನ ತಗೋರಿ" ಎಂದು ಜಗಳ ಬಿಡಿಸಿದರು. ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಅಪ್ಪ ನಗಲಿಲ್ಲ.

ಅಂದಿನಿಂದ ಅವನು ದನಿ ಇಳಿಸಿದ. ಸಣ್ಣ ದನಿಯಲ್ಲಿ ಮಾತಾಡಿ ರೂಢಿಯಿಲ್ಲದ ಮನುಷ್ಯ, ಇಳಿಸಿದರೆ ಪಿಸುಮಾತೇ ಆಗುತ್ತಿತ್ತು. ಅವ್ವನ ಕಿವಿಯೂ ಮಗ್ಗದ ಸಪ್ಪಳದಲ್ಲಿ ಪಳಗಿದ್ದು. ಆ ಪಿಸುಮಾತು ಅವಳಿಗೆ ಮುಟ್ಟುತ್ತಿರಲಿಲ್ಲ. "ಹಾಂ? ಏನಂದ್ರಿ?" ಎಂದು ಅವಳು ಮತ್ತೆ ಮತ್ತೆ ಕೇಳುವುದು, "ಏನಿಲ್ಲ ಬಿಡು" ಎಂದು ಅವನು ಕೈಯಾಡಿಸುವುದು. ಬರಬರುತ್ತ "ಏನಿಲ್ಲ ಬಿಡು" ಕೂಡ ನಿಂತುಹೋಯಿತು. ಒಂದು ಆಯುಷ್ಯ ಕೂಗಾಡಿ ಸಂಸಾರ ಮಾಡಿದ ಗಂಡ ಹೆಂಡತಿ ಒಂದೇ ಕೋಣೆಯಲ್ಲಿ ಬಸ್‌ಸ್ಟ್ಯಾಂಡಿನ ಪ್ರಯಾಣಿಕರಂತೆ ಸುಮ್ಮನೆ ಕೂತಿರತೊಡಗಿದರು.

ಆಗ ನೆನಪಾದದ್ದು ನನ್ನ ಮಗನ ತೊಟ್ಟಿಲು ಕಾರ್ಯಕ್ರಮದ ಡಿವಿಡಿ. ಬನಹಟ್ಟಿಯ ಮನೆಯ ಪಡಸಾಲೆಯಲ್ಲೇ ಆದದ್ದು. ಆ ಮನೆ, ಆ ಓಣಿಯ ಮಂದಿಯನ್ನು ನೋಡಿದರೆ ಅಪ್ಪ ಬಾಯಿ ಬಿಟ್ಟಾನು ಎಂದು ನನ್ನ ಲೆಕ್ಕಾಚಾರ. ಆದರೆ ಡಿವಿಡಿ ಪ್ಲೇಯರು ಕೆಟ್ಟು ಯಾವ ಕಾಲವಾಗಿತ್ತೋ. ಹೊಸ ಟಿವಿಗೆ ಪೆನ್‌ಡ್ರೈವ್ ಚುಚ್ಚುವ ತೂತು ಮಾತ್ರ ಇತ್ತು. ಡಿಸ್ಕಿನ ಬೆನ್ನೋ, ಬೆಕ್ಕು ಪರಚಿದಂತಿತ್ತು. ಹಲ್ಲುಜ್ಜುವ ಪೇಸ್ಟು ಹಚ್ಚಿ ತಿಕ್ಕಿದರೆ ಗೀರು ಹೋಗುತ್ತದೆಂದು ಯಾರೋ ಹೇಳಿದ್ದರು. ತಿಕ್ಕಿದೆ. ಗೀರು ಹೋಗಲಿಲ್ಲ, ಡಿಸ್ಕು ಪುದೀನಾ ವಾಸನೆ ಹೊಡೆಯಿತು. ಹೇಗೋ ಅದರ ಪುಣ್ಯ, ನಾನು ಪಾಠ ಮಾಡುವ ಸಾಲಿಯ ಹಳೆಯ ಕಂಪ್ಯೂಟರು ಏದುಸಿರು ಬಿಡುತ್ತ ಎಲ್ಲವನ್ನೂ ಓದಿಕೊಂಡಿತು.

ಇನ್ನು ಅದನ್ನು ಟಿವಿಗೆ ಒಗ್ಗುವ ಫೈಲಾಗಿ ಬದಲಿಸಬೇಕು. ಅಲ್ಲಿ ಕೇಳಿದ ಕಡೆಯಲ್ಲೆಲ್ಲ ನಾನು ಅತಿ ದೊಡ್ಡ ಅಂಕಿಯನ್ನೇ ಆರಿಸಿದೆ. ದೊಡ್ಡದು ಎಂದರೆ ಒಳ್ಳೆಯದು ಎಂಬ ನಂಬಿಕೆಯಲ್ಲಿ ಪರೀಕ್ಷೆಯ ಉತ್ತರಪತ್ರಿಕೆಗಳಿಗೂ ನಾನು ಉದ್ದ ನೋಡಿಯೇ ಅಂಕ ಹಾಕುವವನು. ಬಂದ ಫೈಲು ಪೆನ್‌ಡ್ರೈವಿನಲ್ಲಿ ಹಿಡಿಸಲಿಲ್ಲ, ಮುಖಗಳೆಲ್ಲ ಫರಸಿ ಕಲ್ಲು ಹಾಸಿದಂತೆ ಚೌಕ ಚೌಕ. ಡಿಸ್ಕಿನಲ್ಲಿ ಇಲ್ಲದ ಅಂದವನ್ನು ಕಂಪ್ಯೂಟರು ಎಲ್ಲಿಂದ ತಂದೀತು? ತಿಳಿಸಾರನ್ನು ದೊಡ್ಡ ಪಾತೇಲಿಗೆ ಸುರಿದರೆ ಸಾರು ಗಟ್ಟಿಯಾಗುವುದಿಲ್ಲ. ಅಳತೆಯನ್ನು ಡಿಸ್ಕಿನಲ್ಲಿದ್ದಷ್ಟೇ ಇಟ್ಟೆ. ಯಾರಾದರೂ ಅಲುಗಾಡಿದರೆ ಅವರ ಅಂಚಿಗೆ ಹಣಿಗೆಯ ಹಲ್ಲಿನಂಥ ಗೆರೆಗಳು ಮೂಡುತ್ತಿದ್ದವು. ಅದನ್ನು ನೀಗಿಸುವ ಗುಂಡಿಯೂ ಸಿಕ್ಕಿತು. ಚಿತ್ರ ಎಷ್ಟು ಛಲೋ ಬಂತೆಂದರೆ ನನ್ನ ತಂಗಿ ಗಂಗಾಳ ಸೀರೆಯ ದಡಿಯ ಎಳೆ ಎಳೆಯೂ ಕಂಡಿತು.

ಅಲ್ಲಿಗೆ ನಿಲ್ಲಬೇಕಿತ್ತು. ಆದರೆ ಮೂಲೆಯಲ್ಲಿ ಗದ್ದಲ ತೆಗೆಯುವ ಗುಂಡಿಯೊಂದು ಕಂಡಿತು. ಕಾರ್ಯಕ್ರಮದ ದಿನ ನಮ್ಮ ಮಗ್ಗಗಳನ್ನು ನಿಲ್ಲಿಸಿದ್ದೆವು, ಖರೆ. ಆದರೆ ಎಡಬಲದ ಮನೆಗಳ ಮಗ್ಗಗಳು ವಿಡಿಯೋದ ಉದ್ದಕ್ಕೂ ಖಟಖಟ ಎನ್ನುತ್ತಿದ್ದವು. ಒಂದು ತುಣುಕು ಸಪ್ಪಳವನ್ನು ಆರಿಸಿ, ಇದು ಕಸ, ಇದನ್ನು ಗುಡಿಸು ಎಂದು ಕಂಪ್ಯೂಟರಿಗೆ ಹೇಳಿದೆ. ಬೇಡದ ಶಬ್ದವೇ ಗದ್ದಲ ಎಂದು ಮಕ್ಕಳಿಗೆ ಪ್ರತಿವರ್ಷ ಬರೆಸುವವನು ನಾನು. ಯಾರಿಗೆ ಬೇಡದ್ದು ಎಂದು ಪಾಠದಲ್ಲಿಲ್ಲ, ಮಕ್ಕಳೂ ಕೇಳಿಲ್ಲ. ಮಗ್ಗದ ಸಪ್ಪಳ ಒಂದಿಷ್ಟೂ ಉಳಿಯದಂತೆ ಹೋಯಿತು.

ಭಾನುವಾರ ಎಲ್ಲರನ್ನೂ ಕೂಡಿಸಿ ಟಿವಿ ಹಚ್ಚಿದೆ. ಪಡಸಾಲೆ, ತೊಟ್ಟಿಲು, ಝಗಮಗಿಸುವ ಸೀರೆಗಳು. ಕೂಸಿಗೆ ಹೆಸರಿಡುವ ಸೋದರತ್ತಿ ನಮ್ಮ ಗಂಗಾ, ಬಗ್ಗಿ ಕಿವಿಯಲ್ಲಿ ಹೆಸರು ಹೇಳಿದಳು. ಅಂದಿನ ಸಪ್ಪಳದ ನಡುವೆ ಅದು ಪಿಸುಮಾತಿನಂತೆ ಇದ್ದಿರಬೇಕು. ಈಗ ಸಾಲಿಯ ಹಾಜರಿ ಕೂಗಿದಂತೆ ಕೇಳಿತು. ಹಾಡುವ ಮುತ್ತೈದೆಯರು ಕೊರಳ ನರ ಬಿಗಿದು ಒದರುತ್ತಿದ್ದರು. ಉಂಡು ಹೋಗಿರೆಂದು ಅವ್ವ ಬೀಗರಿಗೆ ಹೇಳುತ್ತಿದ್ದರೆ, ಉಣ್ಣದಿದ್ದರೆ ಹೊಡೆಯುವಳೇನೋ ಅನ್ನಿಸಬೇಕು. ಶೈಲಾ ನಗು ತಡೆಯಲು ಬಾಯಿಗೆ ಸೆರಗು ಒತ್ತಿಕೊಂಡಳು. ಅಪ್ಪ ಮಾತ್ರ ಕುರ್ಚಿಯ ತುದಿಗೆ ಸರಿದು, ಎಷ್ಟೋ ದಿನಗಳ ಮೇಲೆ ತಾನಾಗಿ ಬಾಯಿಬಿಟ್ಟ.

"ಯಾರ ಸತ್ತಿದ್ರೋ ಅವತ್ತ?"

"ಯಾರೂ ಸತ್ತಿದ್ದಿಲ್ಲೋ ಅಪ್ಪಾ. ಯಾಕ?"

"ಮತ್ತ ಬಾಜೂ ಮನೀ ಮಗ್ಗ ಯಾಕ ನಿಂತಾವ?"

"ಕರೆಂಟ್ ಹೋಗಿತ್ತೇನೋ" ಎಂದೆ, ತಪ್ಪಿಸಿಕೊಳ್ಳಲು.

"ಲೈಟ ಉರಿಯಾಕತ್ತಾವಲ್ಲೋ, ಫ್ಯಾನ್ ತಿರಗಾಕತ್ತೇತಿ. ಅಮಾಸಿ ದಿನಾ ಯಾರರ ತೊಟ್ಟಿಲ ಕಟ್ತಾರೇನ? ಓಣ್ಯಾಗ ಹೆಣಾ ಇಟಗೊಂಡ ನಾವು ಹೆಂಗ ಹಾಡಿದ್ವಿ?"

ನಮ್ಮ ಓಣಿಯ ಕಾಯಿದೆ ಅದು. ಕರೆಂಟು ಹೋದರೆ, ಅಮಾವಾಸ್ಯೆ ಬಂದರೆ, ಇಲ್ಲವೇ ಯಾರಾದರೂ ತೀರಿಕೊಂಡರೆ ಮಗ್ಗಗಳು ನಿಲ್ಲುತ್ತವೆ. ಅವ್ವನ ಮುಖ ಸಣ್ಣದಾಯಿತು. "ಕೂಸಿನ ಹೆಸರಿಡೂ ದಿನಾ ಹಿಂಗ ಇರಬಾರದೋ ಯಪ್ಪಾ" ಎನ್ನುತ್ತ ಒಳಗೆ ಹೋಗಿ, ಉಪ್ಪು ಮೆಣಸಿನಕಾಯಿ ತಂದು, ಮೀಸೆ ಚಿಗುರಿದ ನನ್ನ ಮಗನಿಗೆ ನೀವಾಳಿಸಿದಳು. ಅಪ್ಪನ ಬಾಯಿ ಬಿಡಿಸಲು ಹೋಗಿ ನಾನು ಮನೆಯಲ್ಲಿ ಸೂತಕ ಹಬ್ಬಿಸಿದ್ದೆ. ಕಂಪ್ಯೂಟರಿನ ಗುಂಡಿಯ ಕಥೆ ಹೇಳಿದರೂ ಅಪ್ಪ ನಂಬಲಿಲ್ಲ. "ಮಗ್ಗದ ಸಪ್ಪಳ ಅಷ್ಟ ತಗ್ಯಾಕ ಬರ್ತೈತೇನೋ? ಅದೇನ ಅಕ್ಕ್ಯಾಗಿನ ಹರಳಾ, ಆರಿಸಿ ಒಗ್ಯಾಕ?" ಎಂದು ಮತ್ತೆ ಗೋಡೆಯತ್ತ ತಿರುಗಿದ. ನನಗೆ ಅಳು ಬರುವಂತಾಯಿತು.

ಮರುದಿನ ಸಾಲಿಯಲ್ಲಿ ಸಪ್ಪಳಸಮೇತ ಇನ್ನೊಂದು ಫೈಲು ಮಾಡಿ ತಂದೆ. ಚಹಾದ ಹೊತ್ತಿಗೆ ಹಚ್ಚಿದೆ. ಖಟಖಟ, ಖಟಖಟ. ಮನೆಯ ಗಾಜಿನ ಕಿಟಕಿ ನಡುಗಿತು. ಅವ್ವ ಒಳಗಿಂದ ಏನೋ ಹೇಳುತ್ತ ಬಂದಳು, ಕೇಳಿಸಲಿಲ್ಲ. ಅಪ್ಪ ಆಕೆಯತ್ತ ತಿರುಗಿ, ಎದೆ ತುಂಬ ಉಸಿರೆಳೆದುಕೊಂಡು ಒದರಿದ.

"ಏನಂತೀ? ಜೋರ ಹೇಳ!"

"ಚಹಾಕ್ಕ ಬೆಲ್ಲಾ ಸಾಕೇನ್ ಅಂತ ಕೇಳಿದ್ನಿ!" ಅವ್ವ ಅಷ್ಟೇ ಜೋರಾಗಿ ಒದರಿದಳು.

ಬೆಲ್ಲದಿಂದ ಶುರುವಾದದ್ದು ತೊಟ್ಟಿಲು ಕಟ್ಟಿದ ಹಗ್ಗಕ್ಕೆ, ಅಲ್ಲಿಂದ ಬೀಗರ ಸಿಟ್ಟಿಗೆ, ಅಲ್ಲಿಂದ ತಮ್ಮ ಮದುವೆಯ ಹೋಳಿಗೆಗೆ ಹೋಯಿತು. ನಾನು ಬಾಗಿಲಲ್ಲಿ ನಿಂತು ಕಣ್ಣೊರೆಸಿಕೊಂಡೆ. ಈಗ ದಿನಾ ಸಂಜೆ ಆ ಫೈಲು ಓಡಬೇಕು. ಇಬ್ಬರೂ ಎದುರುಬದುರು ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಅಪ್ಪನ ಬೆನ್ನು ಟಿವಿಗೆ, ಅವ್ವನ ಕಣ್ಣು ಬಿಡಿಸುತ್ತಿರುವ ಅವರೆಕಾಯಿಗೆ. ನಾನು ಅಷ್ಟೆಲ್ಲ ಒದ್ದಾಡಿ ತಂದ ಸೀರೆಯ ದಡಿಯನ್ನು ಈವರೆಗೆ ಒಬ್ಬರೂ ನೋಡಿಲ್ಲ. ಕಾರ್ಯಕ್ರಮ ಮುಗಿದು ಪರದೆ ಕಪ್ಪಾಗಿ ಮನೆ ಥಟ್ಟನೆ ಸುಮ್ಮನಾದರೆ ಸಾಕು, ಅಪ್ಪ ನನ್ನತ್ತ ಕೈ ಬೀಸುತ್ತಾನೆ.

"ಏ ತಮ್ಮಾ, ಮಗ್ಗಾ ಚಾಲೂ ಮಾಡೋ. ನಂದಿನ್ನೂ ಮಾತ ಮುಗದಿಲ್ಲ."