ಬೀಸುಕಲ್ಲಿನ ಕರೆಂಟು

ಹೋದ ತಿಂಗಳು ಮನೆ ಖಾಲಿ ಮಾಡುವಾಗ ಕಬ್ಬಿಣದ ಕಪಾಟನ್ನು ಗೋಡೆಯಿಂದ ಸರಿಸಿದೆವು. ಅದರ ಬೆನ್ನಿಗೆ ಕರ್ರಗೆ, ದುಂಡಗೆ, ನಡುವೆ ತೂತಿದ್ದ ಒಂದು ಆಯಸ್ಕಾಂತ ಅಂಟಿಕೊಂಡು ಕೂತಿತ್ತು. ಅದರ ಮೈತುಂಬ ನನ್ನ ಟಾಚಣಿಗಳು, ಅಂದರೆ ಗುಂಡುಸೂಜಿಗಳು, ಮುರಿದ ಸೂಜಿಗಳು, ಯಾವ ಕಾಲದ್ದೋ ಒಂದು ಹೇರ್‌ಪಿನ್ನು, ಎಲ್ಲಕ್ಕೂ ತುಕ್ಕು. ಕೀಳಲು ಹೋದರೆ ಬರಲೊಲ್ಲದು. ಕೆಳಗೆ ಟೆಂಪೋದವನು ಹಾರ್ನ್ ಹೊಡೆಯುತ್ತಿದ್ದ, ಇಲ್ಲಿ ನಾನು ಎರಡೂ ಕೈಯಿಂದ ಜಗ್ಗುತ್ತಿದ್ದೆ. ಉಗುರು ಮುರಿಯಿತು. "ಅಯ್ಯ ನಿಮ್ಮ! ಸತ್ತ ಮ್ಯಾಲೂ ಬಿಡಲಿಲ್ಲಲ್ರೀ ಕಾಕಾ!" ಎಂದು ಗೋಡೆಗೇ ಬೈದೆ. ಸಾಮಾನು ಹೊರುವವನು ನನ್ನ ಮುಖ ನೋಡುತ್ತ ನಿಂತ.

ಕಾಕಾ ಅಂದರೆ ನನ್ನ ಸ್ವಂತ ಕಾಕಾ ಅಲ್ಲ. ಸದಾಶಿವ ಪೇಠದ ನಮ್ಮ ಹಳೇ ವಾಡೆಯಲ್ಲಿ, ಅಂದರೆ ಅಂಗಳದ ಸುತ್ತ ಹತ್ತಾರು ಬಾಡಿಗೆ ಮನೆಗಳಿದ್ದ ಕಟ್ಟಡದಲ್ಲಿ, ಸರಿಯಾಗಿ ನಮ್ಮ ತಲೆಯ ಮೇಲಿನ ಕೋಣೆಗಳಲ್ಲಿ ಬಾಡಿಗೆಗೆ ಇದ್ದವರು. ಜಮಖಂಡಿ ಕಡೆಯವರು. ದೇಹೂ ರೋಡಿನ ಮಿಲಿಟರಿ ವರ್ಕ್‌ಶಾಪಿನಲ್ಲಿ ಮೋಟಾರಿಗೆ ತಂತಿ ಸುತ್ತುವ ಕೆಲಸ ಮಾಡಿ ರಿಟೈರ್ ಆಗಿದ್ದರು. ನಾವು ಇಂಡಿ ತಾಲ್ಲೂಕಿನವರು. ಇಡೀ ವಾಡೆಯಲ್ಲಿ ಕನ್ನಡ ಆಡುವ ಮನೆ ಇವೆರಡೇ. ಬಾವಿಕಟ್ಟೆಯ ಹತ್ತಿರ ಮರಾಠಿಯಲ್ಲಿ ಮಾತಾಡಿ, ಮೆಟ್ಟಿಲು ಹತ್ತುವಾಗ ಕನ್ನಡಕ್ಕೆ ಬರುತ್ತಿದ್ದೆವು. ನಾನು ಮನೆಯಲ್ಲೇ ಕೂತು ಬ್ಲೌಸ್ ಹೊಲಿಯುತ್ತಿದ್ದೆ, ಈಗಲೂ ಹೊಲಿಯುತ್ತೇನೆ.

ಕಾಕಾನ ಹೆಂಡತಿ ಕಾಕೂ. ಕಾಕೂಗೆ ಪುಪ್ಪುಸದ ರೋಗ. ಗಾಳಿಯಿಂದ ಆಕ್ಸಿಜನ್ ಸೋಸಿ ಕೊಡುವ ಒಂದು ಮಷೀನು ಆಕೆಯ ಮಂಚದ ಪಕ್ಕ ಹಗಲೂ ರಾತ್ರಿ ಓಡುತ್ತಿತ್ತು. ಅದರ ನಳಿಕೆ ಆಕೆಯ ಮೂಗಿನಲ್ಲಿ. ನಮ್ಮ ಮನೆಯ ಛಾವಣಿ ಹಲಗೆಯದಾದ್ದರಿಂದ ಆ ಮಷೀನಿನ 'ಗುಂಯ್' ಸದ್ದು ನಮ್ಮ ಮನೆಯೊಳಗೇ ಓಡುತ್ತಿದ್ದ ಹಾಗೆ ಕೇಳುತ್ತಿತ್ತು. ಸದ್ದು ಇದ್ದರೆ ಕಾಕೂ ಉಸಿರಾಡುತ್ತಿದ್ದಾಳೆ ಅಂತ ಅರ್ಥ. ಕರೆಂಟ್ ಹೋದರೆ ಹೊಲಿಗೆ ನಿಲ್ಲಿಸಿ ನಾನು ಮೊದಲು ಮೇಲಕ್ಕೆ ಕಿವಿ ಕೊಡುತ್ತಿದ್ದೆ. ಅವರ ಮನೆಯಲ್ಲಿ ಇನ್ವರ್ಟರ್ ಇತ್ತು, ಒಂದು ಕ್ಷಣ ತಡೆದು ಸದ್ದು ಮತ್ತೆ ಶುರುವಾಗುತ್ತಿತ್ತು.

ಒಂದು ಮಳೆಗಾಲದ ಮಧ್ಯಾಹ್ನ ಗಲ್ಲಿಯ ಟ್ರಾನ್ಸ್‌ಫಾರ್ಮರ್ ಢಂ ಎಂದಿತು. ನಾನು ಕಿವಿ ಕೊಟ್ಟೆ. ಸದ್ದು ಬಂತು... ನಾಲ್ಕು ಸಲ ಉಸಿರು ಬಿಡುವಷ್ಟರಲ್ಲಿ ನಿಂತೇ ಹೋಯಿತು. ಓಡಿ ಮೇಲೆ ಹೋದರೆ ಕಾಕೂನ ತುಟಿ ನೀಲಿ. ಕಾಕಾ ಇನ್ವರ್ಟರಿನ ಮುಂದೆ ಕೂತು ಅದರ ಮೈ ತಟ್ಟುತ್ತಿದ್ದರು, ಅಳುವ ಕೂಸನ್ನು ತಟ್ಟಿದ ಹಾಗೆ. ಆಕೆಯನ್ನು ಕುರ್ಚಿಯಲ್ಲಿ ಕೂರಿಸಿ, ಆ ಇಕ್ಕಟ್ಟು ಮೆಟ್ಟಿಲು ಇಳಿಸಿ, ರಿಕ್ಷಾಕ್ಕೆ ಹಾಕಿ ದವಾಖಾನೆಗೆ ಒಯ್ದೆವು. ಬದುಕಿಕೊಂಡಳು. ಆಕೆಯ ಆಯುಷ್ಯ ಗಟ್ಟಿ ಇತ್ತು, ಅಷ್ಟೇ.

ಈಗ ನೀವೇ ಹೇಳಿ. ಬುದ್ಧಿ ಇದ್ದವರು ಏನು ಮಾಡುತ್ತಾರೆ? ಕೆಟ್ಟ ಬ್ಯಾಟರಿ ಎಸೆದು ಹೊಸದು ತರುತ್ತಾರೆ. ನಮ್ಮ ಕಾಕಾ ಬ್ಯಾಟರಿ, ಇನ್ವರ್ಟರ್ ಎರಡನ್ನೂ ಗುಜರಿಗೆ ಹಾಕಿ ಬಂದರು. ಹೊಸದು ಯಾವಾಗ ತರುತ್ತೀರಿ ಅಂದರೆ ತರುವುದಿಲ್ಲವಂತೆ. ಮನೆಯಲ್ಲೇ ಕರೆಂಟ್ ತಯಾರಿಸುತ್ತಾರಂತೆ!

"ಕೂಡಿಟ್ಟ ಕರೆಂಟ್ ಅಂದ್ರ ತಂಗಳಾ ನೋಡವಾ. ಬೇಕಾದಾಗ ಹಳಸಿರತದ. ಕರೆಂಟ್ ಬಿಸಿಬಿಸಿ ಮನ್ಯಾಗ ಹುಟ್ಟಬೇಕು."

"ಕಾಕಾ, ಅದೇನ ರೊಟ್ಟಿ ಏನ್ರಿ?"

"ರೊಟ್ಟೀಕಿಂತ ಸರಳ ಅದ. ಆಯಸ್ಕಾಂತ ತಿರಗಬೇಕು, ಬಾಜೂಕ ತಂತಿ ಇರಬೇಕು. ಮುಗೀತು."

ಮುಗೀತು ಅಂತೆ. ಮುಗಿದದ್ದು ನನ್ನ ತಾಳ್ಮೆ. ಕೊಂಢವಾ ಎಂಬಲ್ಲಿನ ಗುಜರಿ ಅಂಗಡಿಗಳಿಂದ ಒಡೆದ ಸ್ಪೀಕರುಗಳನ್ನು ಚೀಲಗಟ್ಟಲೆ ತಂದು, ಸುತ್ತಿಗೆಯಿಂದ ಬಡಿದು ಒಳಗಿನ ಆಯಸ್ಕಾಂತ ತೆಗೆಯುತ್ತಿದ್ದರು. ಎಲ್ಲಿ? ನನ್ನ ತಲೆಯ ಮೇಲೆ. ಛಾವಣಿಯ ಮಣ್ಣು ನಾನು ಹೊಲಿಯುತ್ತಿದ್ದ ರೇಷ್ಮೆಯ ಮೇಲೆ ಉದುರುತ್ತಿತ್ತು. ಆಯಸ್ಕಾಂತ ಕಿಸೆಯಲ್ಲಿ ಹಾಕಿಕೊಂಡೇ ನಮ್ಮ ಮನೆಗೆ ಬಂದು ಕೂರುತ್ತಿದ್ದರು. ಗಡಿಯಾರ ತಪ್ಪು ತೋರಿಸಿದರೂ, ರೇಡಿಯೋ ಗೊರ್ ಅಂದರೂ ನನಗೆ ಅವರ ಮೇಲೇ ಅನುಮಾನ. ಬೈದರೆ ಸಿಟ್ಟಾಗುವ ಮನುಷ್ಯನಾಗಿದ್ದರೆ ಬೈಯುವವರಿಗೂ ಒಂದು ಸಮಾಧಾನ. ಅವರು ನಗುತ್ತಿದ್ದರು. ಒಮ್ಮೆ ಹಾಗೆ ನಕ್ಕು, ನೆಲಕ್ಕೆ ಬಿದ್ದ ಟಾಚಣಿ ಹೆಕ್ಕಲು ಅಂತ ಒಂದು ಆಯಸ್ಕಾಂತ ನನಗೇ ಕೊಟ್ಟರು. ಅದು ಎರಡೇ ದಿನದಲ್ಲಿ ಕಳೆಯಿತು. ಎಲ್ಲಿ ಹೋಗಿ ಕೂತಿತ್ತು ಅನ್ನುವುದು ಹೋದ ತಿಂಗಳು ತಿಳಿಯಿತು.

ಅತ್ತ ಕಾಕೂ ಮಾತ್ರ ಬರೀ ಸರಕಾರಿ ಕರೆಂಟನ್ನು ನಂಬಿ ಮಲಗಿದ್ದಳು. ನಾನು ಹಟ ಹಿಡಿದದ್ದಕ್ಕೆ ಒಂದು ಆಕ್ಸಿಜನ್ ಸಿಲಿಂಡರ್ ಬಾಡಿಗೆಗೆ ಬಂತು. ಆದರೆ ಅದು ಎಷ್ಟು ಹೊತ್ತು? ಮಳೆಗಾಲದಲ್ಲಿ ನಮ್ಮ ಗಲ್ಲಿಯಲ್ಲಿ ಕರೆಂಟ್ ಹೋದರೆ ಬರುವುದು ಅದರ ಮರ್ಜಿ. ಪ್ರತಿ ಸಲ ದೀಪ ಮಿಣಮಿಣ ಅಂದಾಗಲೂ ಹೊಲಿಗೆ ಬಿಟ್ಟು ಏಳುತ್ತಿದ್ದೆ. ಮೇಲೆ ಹೋಗಿ ಜಗಳ ತೆಗೆಯುತ್ತಿದ್ದೆ. "ತಡಿಯವಾ, ಈ ಅಮಾಸಿ ಒಳಗ ಮುಗಸ್ತೀನಿ" ಅನ್ನುತ್ತಿದ್ದರು. ಅಮಾವಾಸ್ಯೆ ಬರುತ್ತಿತ್ತು, ಹೋಗುತ್ತಿತ್ತು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ.

ಆಮೇಲೆ ಅವರ ಕಣ್ಣು ನಮ್ಮ ಬೀಸುಕಲ್ಲಿನ ಮೇಲೆ ಬಿತ್ತು.

ಅದು ನಮ್ಮ ಅತ್ತೆಯ ಕಲ್ಲು. ಇಂಡಿಯಿಂದ ರೈಲಿನಲ್ಲಿ, ಮಡಿಲಲ್ಲಿ ಇಟ್ಟುಕೊಂಡಷ್ಟು ಜೋಪಾನವಾಗಿ ತಂದದ್ದು. ಗಿರಣಿ ಬಂದ ಮೇಲೆ ಮೆಟ್ಟಿಲ ಕೆಳಗೆ ಸುಮ್ಮನೆ ಕೂತಿತ್ತು. ಕಾಕಾನಿಗೆ ಭಾರವಾದ, ಚಪ್ಪಟೆಯಾದ, ಓಲಾಡದೆ ತಿರುಗುವ ವಸ್ತು ಬೇಕಿತ್ತಂತೆ. ಮೇಲಿನ ಕಲ್ಲಿನ ಹೊಟ್ಟೆಗೆ ಆಯಸ್ಕಾಂತ ಅಂಟಿಸಿ, ಕೆಳಗಿನ ಕಲ್ಲಿಗೆ ತಾಮ್ರದ ಸುರುಳಿ ಕೂರಿಸಿ, ನಡುವೆ ಒಂದು ಕಾಳು ಹಿಡಿಯುವಷ್ಟು ಸಂದು ಬಿಟ್ಟು ತಿರುಗಿಸಿದರೆ ಕರೆಂಟ್! ಕೇಳಿ ನಾನು ಕೈ ಮುಗಿದೆ. ನನ್ನ ಅತ್ತೆ, ನನಗೆ ಒಂದು ಚಮಚ ಕೊಡಬೇಕಾದರೂ ಹತ್ತು ಸಲ ಕೇಳುವವರು, ಕಲ್ಲು ಎತ್ತಿ ಕೊಟ್ಟೇ ಬಿಟ್ಟರು. ಒಂದೇ ಕರಾರು: "ಖಾಲಿ ಕಲ್ಲ ತಿರಗಸಬ್ಯಾಡೋ ಯಪ್ಪಾ. ಮನಿಗಿ ಬರಾ ಬರತದ." ಕಾಕಾ ಹೂಂ ಅಂದರು. ಕೇಳಿಸಿಕೊಂಡಿದ್ದರೆ ತಾನೆ.

ಖಂಡೇನವಮಿಯ ಆಯುಧಪೂಜೆಯ ದಿನ ಅಂಗಳದಲ್ಲಿ ಪ್ರಯೋಗ. ನನ್ನ ಹೊಲಿಗೆ ಮಷೀನಿನ ಜೊತೆ ಬೀಸುಕಲ್ಲಿಗೂ ಚೆಂಡುಹೂವಿನ ಹಾರ, ವಿಭೂತಿ. ಇಡೀ ವಾಡೆ ಸೇರಿತ್ತು. ಕಾಕೂನನ್ನು ಮೇಲಿನ ಕಿಟಕಿಯ ಹತ್ತಿರ ಕೂರಿಸಿದ್ದೆವು. ವಾಡೆಯ ಮಾಲಕರು ಮೀಸೆಯಲ್ಲೇ ನಕ್ಕು, "ಕಾಯ್ ಕಾಕಾ, ಪೀಠ್ ಕೀ ವೀಜ್?" ಅಂದರು, ಹಿಟ್ಟು ಬರುತ್ತದೋ ಕರೆಂಟೋ ಅಂತ. ಕಾಕಾ ಗೂಟ ಹಿಡಿದು ತಿರುಗಿಸಿದರು. ನಿಜ ಹೇಳುತ್ತೇನೆ, ತಂತಿಯ ತುದಿಯಲ್ಲಿದ್ದ ಪುಟ್ಟ ದೀಪ ಹತ್ತಿತು. ಕಡಲೆಕಾಳಿನಷ್ಟು ಬೆಳಕು. ಎಲ್ಲರೂ ಚಪ್ಪಾಳೆ ತಟ್ಟಿದರು. ಬಿದ್ದುಹೋಗಲಿ, ನಾನೂ ತಟ್ಟಿದೆ.

ಅಷ್ಟರಲ್ಲಿ ನನ್ನ ಅತ್ತೆ ಒಳಗಿನಿಂದ ಬಂದರು. ನೋಡಿದರೆ ತಮ್ಮ ಕಲ್ಲು, ಹಬ್ಬದ ದಿನ, ನಾಲ್ಕು ಜನರ ಎದುರು ಖಾಲಿ ತಿರುಗುತ್ತಿದೆ! "ಖಾಲಿ ತಿರಗಸಬ್ಯಾಡ ಅಂದಿದ್ನೆಲ್ಲೋ!" ಎಂದವರೇ ಒಂದು ಹಿಡಿ ಜೋಳ ತಂದು ಕಲ್ಲಿನ ಬಾಯಿಗೆ ಸುರಿದರು. ಜೋಳ ನೇರ ಆಯಸ್ಕಾಂತ, ತಂತಿಗಳ ಸಂದಿಗೆ ಹೋಯಿತು. ಕರಕರ ಎಂಬ ಸದ್ದು. ಬಳಿಕ ತಂತಿ ಹರಿದ ಸದ್ದು. ದೀಪ ಹೋಯಿತು, ಕಲ್ಲು ಕಚ್ಚಿಕೊಂಡು ನಿಂತಿತು. ಆಗ ಮೇಲಿನ ಕಿಟಕಿಯಿಂದ ಒಂದು ನಗು ಕೇಳಿತು. ಕಾಕೂ ನಗುತ್ತಿದ್ದಳು. ಕೆಮ್ಮು ಬರುವ ತನಕ, ಕೆಮ್ಮಿನ ನಡುವೆಯೂ. ದವಾಖಾನೆಯಿಂದ ಬಂದ ಮೇಲೆ ಆಕೆ ನಕ್ಕದ್ದು ಅದೇ ಮೊದಲು. ಕಾಕಾ ಕಲ್ಲು ಬಿಟ್ಟು ಮೇಲೆ ನೋಡುತ್ತ ನಿಂತರು...

ನನ್ನ ಸಿಟ್ಟು ಮಾತ್ರ ಇಳಿಯಲಿಲ್ಲ. "ಈ ಕಡಲಿಕಾಳಿನ ದೀಪದಿಂದ ಕಾಕೂನ ಮಷೀನ ಓಡತದೇನ್ರಿ?" ಎಂದು ಎಲ್ಲರ ಎದುರೇ ಕೇಳಿದೆ. "ಇದು ಕೂಸು. ಬೆಳೀತದ" ಅಂದರು. ಹಣೆ ಹಣೆ ಬಡಿದುಕೊಂಡೆ.

ಮಾರನೆಯ ದಿನ ಕಾಕಾ ಮತ್ತೆ ತಂತಿ ತರಲು ಹೊರಗೆ ಹೋದಾಗ ಕಾಕೂನ ಹತ್ತಿರ ಕೂತು ಮತ್ತೆ ಶುರು ಮಾಡಿದೆ. ಇನ್ವರ್ಟರ್ ತರಿಸು, ನೀನಾದರೂ ಬಾಯಿಬಿಟ್ಟು ಹೇಳು, ನಿನ್ನ ಜೀವದ ಪ್ರಶ್ನೆ ಅಂತ. ಕಾಕೂ ನನ್ನ ಕೈ ಹಿಡಿದಳು. ನಿಂತು ನಿಂತು, ಉಸಿರು ಕೂಡಿಸಿಕೊಂಡು ಮಾತಾಡಿದಳು.

"ಬ್ಯಾಟರಿ ಕೆಟ್ಟಿರಲಿಲ್ಲವಾ. ಅದರಾಗ ನೀರಽ ಇರಲಿಲ್ಲ. ತಿಂಗಳಾ ನೀರ ಹಾಕೂದು ಅವರ ಕೆಲಸ. ಅಮಾಸಿಗೊಮ್ಮೆ ಅದಕ್ಕ ಕುಂಕಮ ಹಚ್ಚಿ, ಊದಿನಕಡ್ಡಿ ಬೆಳಗಿ, ಕಾಯಿ ಒಡೀತಿದ್ರು. ಪೂಜಾ ಒಂದ ಸಲಾನೂ ತಪ್ಪಸಲಿಲ್ಲ. ಮುಚ್ಚಳಾ ತಗದ ಒಳಗ ನೋಡಲಿಲ್ಲ."

ನಮ್ಮ ಕಡೆ ಅಮಾವಾಸ್ಯೆಗೆ ಗಾಡಿ, ಅಂಗಡಿ, ಮಷೀನು ಎಲ್ಲಕ್ಕೂ ಕಾಯಿ ಒಡೆಯುತ್ತೇವೆ. ನಾನೂ ಒಡೆಯುತ್ತೇನೆ. ಜೀವನವಿಡೀ ಮೋಟಾರು ಬಿಚ್ಚಿ ಕಟ್ಟಿದ ಮನುಷ್ಯ, ಬ್ಯಾಟರಿಗೆ ಕೈ ಮುಗಿದು ಎದ್ದು ಬರುತ್ತಿದ್ದರು.

"ಅವರಿಗೆ ಗೊತ್ತದ" ಎಂದಳು ಕಾಕೂ. "ನನಗೂ ಗೊತ್ತದ ಅನ್ನೂದು ಅವರಿಗೆ ಗೊತ್ತಿಲ್ಲ. ಹೊಸಾದು ತರ್ರಿ ಅಂದ್ರ, ನೀವಽ ನನ್ನ ಕೊಲ್ಲತಿದ್ರಿ ಅಂದಂಗ ಆಗತದ. ತಿರಗಸಲಿ ಬಿಡು ಕಲ್ಲ."

ಕಲ್ಲು ತಿರುಗಿಸಲಿ ಅಂತೆ! ಗಂಡ ಒಂದು ಥರ, ಹೆಂಡತಿ ಇನ್ನೊಂದು ಥರ. ಆತ ಹೇಳಲು ನಾಚುತ್ತಾನೆ, ಈಕೆ ಕೇಳಲು ಅಂಜುತ್ತಾಳೆ, ನಡುವೆ ಜೀವ ಹೋದರೂ ಇಬ್ಬರಿಗೂ ಮರ್ಯಾದೆ ಮುಖ್ಯ. ಕೆಳಗೆ ಬಂದು ನನ್ನ ಗಂಡನ ಮೇಲೆ ಹರಿಹಾಯ್ದೆ. ಪಾಪ, ಅವರದೇನೂ ತಪ್ಪಿರಲಿಲ್ಲ. ಆದರೆ ಅದೇ ವಾರ ನಮ್ಮ ಮನೆಗೆ ಇನ್ವರ್ಟರ್ ಬಂತು, ದೊಡ್ಡ ಬ್ಯಾಟರಿಯದು. ಅತ್ತೆಗೆ ಸೆಕೆ ತಡೆಯುವುದಿಲ್ಲ, ಫ್ಯಾನಿಗೆ ಬೇಕು ಅಂತ ಊರಿಗೆಲ್ಲ ಹೇಳಿದೆ. ಅದರಿಂದ ಒಂದು ವೈರನ್ನು ಕಿಟಕಿಯಿಂದ ಮೇಲಕ್ಕೆ ಎಳೆಸಿ, ಕಾಕೂನ ಮಷೀನಿಗೆ ಜೋಡಿಸಿದೆವು. "ನಿಮ್ಮ ಕಲ್ಲ ತಯಾರ ಆಗೂತನಕ ಇರಲಿ ಕಾಕಾ" ಎಂದೆ. ನನ್ನ ದನಿಯಲ್ಲಿ ಸಿಟ್ಟೇ ಇತ್ತು. ಕಾಕಾ ವೈರನ್ನು ನೋಡಿದರು, ನನ್ನನ್ನು ನೋಡಿದರು, ತಲೆಯಾಡಿಸಿದರು.

ಮುಂದಿನ ಅಮಾವಾಸ್ಯೆಗೆ ಬಾಗಿಲು ಬಡಿಯಿತು. ಕಾಕಾ. ಕೈಯಲ್ಲಿ ಬ್ಯಾಟರಿಗೆ ಹಾಕುವ ಶುದ್ಧ ನೀರಿನ ಬಾಟಲಿ. ಒಳಗೆ ಬಂದು, ನಮ್ಮ ಬ್ಯಾಟರಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ಒಂದೊಂದೇ ಮುಚ್ಚಳ ತೆಗೆದು, ಟಾರ್ಚ್ ಹಿಡಿದು ಒಳಗೆ ಇಣುಕಿ, ನೀರು ಹಾಕಿ, ಮುಚ್ಚಳ ಬಿಗಿದು, ಕೈ ಒರೆಸಿಕೊಂಡು ಹೋದರು. ಕುಂಕುಮ ಇಲ್ಲ, ಕಾಯಿ ಇಲ್ಲ. ಅಂದಿನಿಂದ ಒಂದು ಅಮಾವಾಸ್ಯೆಯನ್ನೂ ಬಿಡಲಿಲ್ಲ. ಜ್ವರ ಬಂದಾಗ ಕಂಬಳಿ ಹೊದ್ದು ಬಂದರು. ಮೇಲೆ ಕಲ್ಲಿನ ಗರಗರ ಮಾತ್ರ ನಡೆದೇ ಇತ್ತು. ಆಯಸ್ಕಾಂತ ಬದಲಾಯಿಸುವುದು, ಸುರುಳಿ ಬದಲಾಯಿಸುವುದು, ನನ್ನ ರೇಷ್ಮೆಯ ಮೇಲೆ ಮಣ್ಣು ಉದುರುವುದು. ಆ ಕೂಸು ಕಡಲೆಕಾಳಿನಿಂದ ಮೇಲೆ ಬೆಳೆಯಲೇ ಇಲ್ಲ. ಬೇಕಾದಷ್ಟು ಸಲ ಕರೆಂಟ್ ಹೋಯಿತು. ಕಾಕೂನ ಮಷೀನು ಒಂದು ಸಲವೂ ನಿಲ್ಲಲಿಲ್ಲ.

ಕಾಕೂ ಮೊದಲು ಹೋಗುತ್ತಾಳೆ ಎಂದು ನಾವೆಲ್ಲ ಒಳಗೊಳಗೇ ತಯಾರಾಗಿದ್ದೆವು. ಹೋದವರು ಕಾಕಾ. ಒಂದು ಮುಂಜಾನೆ ಚಹಾ ಕುಡಿದು ಗೋಡೆಗೆ ಒರಗಿದವರು ಏಳಲಿಲ್ಲ. ಹೇಳದೆ ಕೇಳದೆ. ಅದರಲ್ಲೂ ಅವರದೇ ಪದ್ಧತಿ.

ಆಮೇಲಿನ ಅಮಾವಾಸ್ಯೆ ನನಗೆ ನೆನಪಿರಲಿಲ್ಲ. ಕಿಟಕಿಯ ಹೊರಗೆ ಏನೋ ತೂಗಾಡಿತು. ಕಾಕೂ ಭಾಜಿ, ತರಕಾರಿ ತರಿಸಲು ಹಗ್ಗ ಕಟ್ಟಿ ಇಳಿಬಿಡುತ್ತಿದ್ದ ಚೀಲ. ಒಳಗೆ ನೀರಿನ ಬಾಟಲಿ, ಟಾರ್ಚ್. ಮೇಲಿನಿಂದ ಆಕೆಯ ದನಿ ಬಂತು: "ಇವತ್ತ ಅಮಾಸಿ ಅದವಾ. ಮುಚ್ಚಳಾ ತಗದ ನೋಡು." ನಾನು ಬ್ಯಾಟರಿಯ ಮುಂದೆ ಕೂತು ಅತ್ತುಬಿಟ್ಟೆ. ಅವರು ಸತ್ತ ದಿನ ಅತ್ತಿರಲಿಲ್ಲ. ಆಮೇಲೆ ಆ ಕೆಲಸ ನನ್ನದಾಯಿತು. ಮುಂದಿನ ಚಳಿಗಾಲದಲ್ಲಿ ಕಾಕೂನೂ ಹೋದಳು. ಮೇಲಿನ ಸದ್ದು ನಿಂತ ಮನೆಯಲ್ಲಿ ನನಗೆ ಬಹಳ ದಿನ ನಿದ್ದೆ ಹತ್ತಲಿಲ್ಲ.

ಈಗ ವಾಡೆ ಕೆಡವುತ್ತಿದ್ದಾರೆ. ನಾವು ಬಂದಿರುವುದು ಲಿಫ್ಟ್ ಇರುವ ಕಟ್ಟಡಕ್ಕೆ. ಕರೆಂಟ್ ಹೋದರೆ ಕೆಳಗೆ ದೊಡ್ಡ ಜನರೇಟರ್ ತಾನೇ ಶುರುವಾಗುತ್ತದೆ, ಯಾರೂ ಏನೂ ಮಾಡಬೇಕಾಗಿಲ್ಲ. ಇನ್ವರ್ಟರನ್ನು ಟೆಂಪೋದವನಿಗೇ ಕೊಟ್ಟು ಬಂದೆವು. ಬೀಸುಕಲ್ಲು ಬಂದಿದೆ. ಅದರ ಹೊಟ್ಟೆಗೆ ಆಯಸ್ಕಾಂತಗಳು ಎಷ್ಟು ಗಟ್ಟಿಯಾಗಿ ಅಂಟಿವೆ ಅಂದರೆ ಇನ್ನು ಅದರಲ್ಲಿ ಒಂದು ಹಿಡಿ ಹಿಟ್ಟೂ ಬೀಸಲಾಗದು. ಎಸೆಯೋಣ ಅಂದ ಗಂಡನ ಜೊತೆ ಜಗಳವಾಡಿ ತಂದೆ. ಕಪಾಟಿನ ಆಯಸ್ಕಾಂತವನ್ನೂ ಕಡೆಗೆ ಇಕ್ಕಳ ಹಾಕಿ ಕಿತ್ತೆ. ಈಗ ಹೊಲಿಗೆ ಮಷೀನಿನ ಪಕ್ಕದಲ್ಲಿದೆ, ಟಾಚಣಿ ಹಿಡಿದುಕೊಂಡು.

ಅಲ್ಲ ಕಾಕಾ, 'ನಾನಽ ಮರತಿದ್ದೆ' ಅಂತ ಒಂದು ಮಾತು ಹೇಳಿದ್ದರೆ ಏನಾಗುತ್ತಿತ್ತು? ಆಕೆಗೆ ಗೊತ್ತೇ ಇತ್ತು. ಸಿಟ್ಟೂ ಇರಲಿಲ್ಲ.

ನಿನ್ನೆ ಬೆಳಿಗ್ಗೆ ಕ್ಯಾಲೆಂಡರ್ ನೋಡಿದೆ, ಅಮಾವಾಸ್ಯೆ. ಕೈ ತಾನಾಗಿಯೇ ಮೇಲಿನ ಹಲಗೆಗೆ ಹೋಗಿ ನೀರಿನ ಬಾಟಲಿ ಇಳಿಸಿತು, ಟಾರ್ಚನ್ನೂ ತೆಗೆದುಕೊಂಡಿತು. ನಾಲ್ಕು ಹೆಜ್ಜೆ ನಡೆದು ಹೊಸ ಮನೆಯ ನಡುವೆ ನಿಂತೆ. ಇಲ್ಲಿ ಬ್ಯಾಟರಿ ಇಲ್ಲ.